ಸೀಟು ಎತ್ತಿದರೆ ಸುಮ್ಮನಾಗುತ್ತಿದ್ದ ಇಂಜಿನ್

ಮೊದಲ ಸಲ ಅದು ಆದದ್ದು ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನ ಮುಂದೆ. ಎದುರಿಗೆ ಬಸ್ಸೊಂದು ಹೊರಳುತ್ತಿತ್ತು, ನಾನು ವ್ಯಾನು ನಿಲ್ಲಿಸಿದೆ. ಎಕ್ಸಿಲೇಟರ್ ಮೇಲಿಂದ ಕಾಲು ತೆಗೆದಿದ್ದೆ. ಗೇರು ತೆಗೆದಿದ್ದೆ. ಆದರೂ ಇಂಜಿನ್ ಇಳಿಯಲಿಲ್ಲ. ಯಾರೋ ಕಾಲಿಟ್ಟು ಒತ್ತಿ ಹಿಡಿದ ಹಾಗೆ ಒಂದೇ ಸಮನೆ ಅರಚುತ್ತಲೇ ಇತ್ತು. ಬುಟ್ಟಿಯಲ್ಲಿ ಪೇರಲ ಇಟ್ಟುಕೊಂಡು ಕುಳಿತಿದ್ದ ಹೆಣ್ಣುಮಗಳು ಕಿವಿಗೆ ಕೈಯಿಟ್ಟು, "ಏ ಅಣ್ಣಾ, ನಿಂತಲ್ಲೇ ಯಾಕ ಒದರತೈತಿ ನಿನ್ನ ಗಾಡಿ? ಹೊಡದೀಯೇನ್ ಅದನ್ನ?" ಎಂದು ಕೇಳಿದಳು. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಆದರೆ ನನ್ನ ಬೆನ್ನಿಗೆ ಬೆವರು ಇಳಿದಿತ್ತು.

ಏಕೆಂದರೆ ಇನ್ನು ಹದಿನೈದು ದಿನಕ್ಕೆ ಅದೇ ವ್ಯಾನಿನಲ್ಲಿ ನನ್ನ ಮಗಳನ್ನು ಹಿರೇಕೆರೂರಿನಿಂದ ಕರೆತರಬೇಕಾಗಿತ್ತು. ಅವಳಿಗೆ ಆಗ ಏಳು ತಿಂಗಳು. ಸೀಮಂತದ ಕುಬಸ ಮುಗಿದಿತ್ತು. ಚೊಚ್ಚಲ ಬಾಣಂತನ ತವರಿನದು. ಗಂಡನ ಮನೆಯವರು ತಂದು ಬಿಡುವುದಿಲ್ಲ, ತವರಿನವರೇ ಹೋಗಿ ಕರೆದುಕೊಂಡು ಬರಬೇಕು. ಬೀಗರು ಫೋನಿನಲ್ಲಿ, "ಬಾಡಿಗಿ ಕಾರ್ ಮಾಡಿಸ್ಲೇನ್ರಿ?" ಎಂದು ಕೇಳಿದ್ದರು. "ನನ್ನ ಮನ್ಯಾಗ ಗಾಡಿ ಇಟ್ಕೊಂಡು ಮಗಳನ್ನ ಬಾಡಿಗಿ ಗಾಡ್ಯಾಗ ತರ್ಲೇನ್ರಿ ಬೀಗರ?" ಎಂದು ನಾನು ಜೋರಾಗಿಯೇ ಹೇಳಿದ್ದೆ. ಊರಿನ ಅರ್ಧ ಮದುಮಕ್ಕಳನ್ನು ಈ ವ್ಯಾನಿನಲ್ಲಿ ಹೊತ್ತು ಬಿಟ್ಟವನು ನಾನು.

ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವನು. ಲಾರಿಯ ಕ್ಲೀನರ್ ಆಗಿ ಟೈರು ಬಡಿದೆ, ಡ್ರೈವರ್ ಆದೆ, ಕಡೆಗೆ ಈ ಹಳೆಯ ಪೆಟ್ರೋಲ್ ವ್ಯಾನು ಕೊಂಡೆ. ಸವಣೂರಿನ ಎಲೆ ಬಳ್ಳಿಯ ತೋಟಗಳಿಂದ ವೀಳ್ಯದೆಲೆಯ ಪೆಂಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಹಾನಗಲ್ಲು, ಹಿರೇಕೆರೂರಿನ ಸಂತೆಗಳಿಗೆ ಒಯ್ಯುವುದು ನನ್ನ ಕೆಲಸ. ಓದು ಬರಲಿಲ್ಲ, ಆದರೆ ಇಂಜಿನ್ ಬರುತ್ತದೆ ಎಂಬ ಜಂಭ ನನಗಿತ್ತು, ಈಗಲೂ ಅಷ್ಟಿಷ್ಟು ಇದೆ. ಕಿವಿಯಿಂದಲೇ ರೋಗ ಹೇಳುತ್ತಿದ್ದೆ. ಈ ಸಲ ಕಿವಿಗೆ ರೋಗ ಕೇಳಿಸುತ್ತಿತ್ತು, ಎಲ್ಲಿಂದ ಎನ್ನುವುದು ಕೇಳಿಸುತ್ತಿರಲಿಲ್ಲ.

ಇಂಥ ವ್ಯಾನುಗಳಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಎಡಗಡೆಯ ಸೀಟನ್ನು ಅದರ ತಗಡಿನ ಮುಚ್ಚಳದ ಸಮೇತ ಹಿಂದಕ್ಕೆ ಮಗುಚಿದರೆ ಕಾರ್ಬೊರೇಟರ್ ಕಣ್ಣೆದುರಿಗೆ ಬರುತ್ತದೆ. ಅವತ್ತು ಮನೆಗೆ ಬಂದವನೇ ಸೀಟು ಎತ್ತಿದೆ. ಎತ್ತಿದ ಕ್ಷಣಕ್ಕೆ ಇಂಜಿನ್ ತಣ್ಣಗಾಯಿತು. ಗುಡುಗುಡು ಎಂದು, ಹೊಟ್ಟೆ ತುಂಬಿದ ಎಮ್ಮೆ ಮೆಲುಕು ಹಾಕಿದಂತೆ, ಎಷ್ಟು ಬೇಕೋ ಅಷ್ಟೇ ತಿರುಗತೊಡಗಿತು. ಸರಿಹೋಯಿತು ಎಂದು ಸೀಟು ಮುಚ್ಚಿ ಮಲಗಿದೆ. ಮರುದಿನ ಪೆಂಡಿ ಹೇರಿಕೊಂಡು ಹೊರಟರೆ ಮತ್ತೆ ಅದೇ ಅರಚಾಟ.

ಎಕ್ಸಿಲೇಟರ್ ಕೇಬಲ್ ಹೊಸದು ಹಾಕಿದೆ. ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೆ. ಎಲ್ಲಾದರೂ ಗಾಳಿ ಎಳೆಯುತ್ತಿರಬಹುದೆಂದು ಸಣ್ಣ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದೆ. ಪ್ರತಿ ಸಲವೂ ಸೀಟು ಎತ್ತಿಟ್ಟು ಚಾಲೂ ಮಾಡಿ ನೋಡಿದಾಗ ಏನೂ ದೋಷವಿಲ್ಲ. ಮುಚ್ಚಿ, ಪೆಂಡಿ ಹೇರಿ ಹತ್ತು ಹೆಜ್ಜೆ ಓಡಿಸಿದರೆ ಮುಗಿಯಿತು. ಸ್ಲೋ, ಅಂದರೆ ನಿಂತಾಗಿನ ಓಟ, ಕಡಿಮೆ ಮಾಡುವ ತಿರುಪನ್ನು ಪೂರಾ ಇಳಿಸಿದೆ. ಸೀಟು ತೆರೆದಿದ್ದಾಗ ಇಂಜಿನ್ ನಿಂತೇ ಹೋಯಿತು. ಮುಚ್ಚಿ ಪೆಂಡಿ ಹೇರಿದ ಮೇಲೆ ಅದೇ ಇಂಜಿನ್ ಮೊದಲಿನಷ್ಟೇ ಎತ್ತರದ ದನಿಯಲ್ಲಿ ಅರಚಿತು. ತಿರುಪನ್ನು ಮೊದಲಿನಂತೆ ಏರಿಸಿಟ್ಟೆ. ಅವತ್ತು ನನಗೆ ನಿಜವಾಗಿಯೂ ಭಯವಾಯಿತು. ಕಾಣುವ ದೋಷವಾದರೆ ಪಾನಾ ಹಿಡಿದು ಬಿಚ್ಚಬಹುದು. ನಾನು ನೋಡಿದಾಗ ಅಡಗಿ, ನಾನು ಕಣ್ಣು ತೆಗೆದಾಗ ಏಳುವ ದೋಷಕ್ಕೆ ಏನು ಮಾಡುವುದು? ಇಳಿಜಾರಿನಲ್ಲಿ ಕಾಲು ತೆಗೆದರೂ ವ್ಯಾನು ನಿಧಾನವಾಗುತ್ತಿರಲಿಲ್ಲ, ಮುಂದಕ್ಕೆ ತಳ್ಳುತ್ತಿತ್ತು. ಪ್ರತಿ ತಿರುವಿಗೂ ನಾನು ಬ್ರೇಕ್ ಒತ್ತುತ್ತಿದ್ದೆ, ಒತ್ತುವಾಗೆಲ್ಲ ಎಡಗಡೆಯ ಸೀಟಿನ ಮೇಲೆ ಹೊಟ್ಟೆ ಹಿಡಿದು ಕುಳಿತ ಮಗಳು ಕಣ್ಣಿಗೆ ಬರುತ್ತಿದ್ದಳು.

ಕರೆತರುವ ಮಾತು ಬಂದಾಗಿನಿಂದಲೇ ಆ ಸೀಟಿಗಾಗಿ ನಾವು ಮಾಡಿದ್ದು ಒಂದೆರಡಲ್ಲ. ಹೆಂಡತಿ ತನ್ನ ಹಳೆಯ ಸೀರೆಗಳನ್ನು ಸೇರಿಸಿ ಹೊಸ ಕೌದಿ ಹೊಲಿದಿದ್ದಳು, ಮಗಳು ಅದರ ಮೇಲೆ ಕುಳಿತು ಬರಲೆಂದು. ಬಸುರಿಗೆ ಕಾವು ತಾಗಬಾರದು ಎಂಬುದು ನಮ್ಮಲ್ಲಿನ ಮಾತು. ಇಂಜಿನ್ ಮೇಲೆಯೇ ಕುಳಿತರೆ ಅರವತ್ತು ಎಪ್ಪತ್ತು ಮೈಲಿ ಕಾವು ತಾಗದೆ ಇರುತ್ತದೆಯೇ? ಮುಚ್ಚಳದ ಕೆಳಗೆ ಕಾವು ತಡೆಯಲು ಇದ್ದ ಹಳೆಯ ಪದರ ಉದುರಿಹೋಗಿತ್ತು. ನಾನು ಮನೆಯಲ್ಲಿದ್ದ ಹರಕು ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ, ಆ ತಗಡಿನ ಕೆಳಗೆ ತಂತಿಯಿಂದ ಬಿಗಿದಿದ್ದೆ. ಹೆಂಡತಿ, "ಬೇಷ್ ಮಾಡೀರಿ ನೋಡ್ರಿ" ಎಂದಿದ್ದಳು. ಹೊಸ ಟೈರು, ಹೊಸ ಬ್ರೇಕ್ ಲೈನರ್ ಕೂಡ ಆಗಿತ್ತು.

ಕಡೆಗೆ ನನ್ನ ಹಟ ಮುರಿದು ಹಾನಗಲ್ಲಿನ ಮೇಸ್ತ್ರಿಯ ಬಳಿ ಹೋದೆ. ಅವರು ನನಗಿಂತ ಹಿರಿಯರು, ಗಡ್ಡಕ್ಕೆ ಮೆಹಂದಿ ಹಚ್ಚುವ ಸಾಬರು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಆವೋ ಆವೋ. ಸೂರ್ಯಾ ಈ ಕಡೆ ಹುಟ್ಟ್ಯಾನೇನು? ನಮ್ಮಂಥಾವ್ರ ಕೈ ಹಚ್ಚಾಕ ನಿಮ್ಮ ಗಾಡಿ ಕೊಡ್ತೀರಿ?"

"ಚಾಷ್ಟಿ ಸಾಕ್ರಿ ಮೇಸ್ತ್ರಿ. ರೇಸ್ ಇಳಿವಲ್ದು."

ಅವರು ಸೀಟು ಎತ್ತಿದರು, ಚಾಲೂ ಮಾಡಿಸಿದರು, ತಲೆ ಓರೆ ಮಾಡಿ ಕೇಳಿದರು. ಇಂಜಿನ್ ಸಾಧು ಪ್ರಾಣಿಯಂತೆ ತಿರುಗುತ್ತಿತ್ತು. ನನಗೆ ಅದರ ಮೇಲೆ ಸಿಟ್ಟು ಬಂತು.

"ಇದಕ್ಕೇನಾಗೇತಿ? ಹಾಲು ಕುಡದ ಕೂಸಿನಂಗೈತಿ."

"ಓಡ್ಸಿದ್ರ ಒದರತೈತ್ರಿ."

"ಹೊಸದಾಗಿ ಏನರ ಕೈ ಹಚ್ಚೀರೇನು ಇದಕ್ಕ? ವಿಚಾರ ಮಾಡಿ ಹೇಳ್ರಿ."

"ಟೈರು, ಬ್ರೇಕ್ ಲೈನರ್, ಕೇಬಲ್. ಬ್ಯಾರೆ ಏನೂ ಇಲ್ರಿ."

ಕೌದಿ ನನ್ನ ನಾಲಿಗೆಗೆ ಬರಲೇ ಇಲ್ಲ. ಅದು ಗಾಡಿಗೆ ಮಾಡಿದ್ದಲ್ಲ, ಮಗಳಿಗೆ ಮಾಡಿದ್ದು ಎಂದು ನನ್ನ ತಲೆಯಲ್ಲಿತ್ತು. ಮಗುಚಿದ ಮುಚ್ಚಳದ ಮೇಲೆ ಅದು ನಮ್ಮಿಬ್ಬರ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು, ಇಬ್ಬರೂ ಇಂಜಿನ್ನನ್ನೇ ನೋಡುತ್ತಿದ್ದೆವು. ಮೇಸ್ತ್ರಿ, "ಎರಡು ದಿನಾ ಗಾಡಿ ಬಿಟ್ಟು ಹೋಗ್ರಿ, ನಾ ಓಡ್ಸಿ ನೋಡ್ತೇನಿ" ಎಂದರು. ಬಿಟ್ಟುಹೋಗಲು ನನಗೆ ಮನಸ್ಸಾಗಲಿಲ್ಲ. ಬೇರೆಯವರು ಕಂಡುಹಿಡಿದುಬಿಟ್ಟರೆ ಎಂಬ ಹೆದರಿಕೆಯೂ ಇತ್ತು, ಹೇಳಲು ನಾಚಿಕೆಯಾಗುತ್ತದೆ.

ಮಗಳನ್ನು ಕರೆತರುವ ಗುರುವಾರ ಬಂತು. ಶುಕ್ರವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಶನಿವಾರ ಆಗದು, ಆಮೇಲೆ ಅಮಾವಾಸ್ಯೆ. ಆರತಿ ಮಾಡಿ ಒಳಗೆ ಕರೆಯಲು ಹೆಂಡತಿ ಮನೆಯಲ್ಲೇ ಇರಬೇಕಾಗಿತ್ತು, ಅದಕ್ಕೆ ನನ್ನ ಅಕ್ಕ ಜೊತೆಗೆ ಬಂದಳು. ಹೊರಡುವಾಗ ಹೆಂಡತಿ ಕಿಟಕಿಯ ಹತ್ತಿರ ಬಂದು, "ಖರೇನ ಹೇಳ್ರಿ, ಗಾಡಿ ನೆಟ್ಟಗ ಐತಲ್ಲ?" ಎಂದು ಕೇಳಿದಳು. "ಐತಿ" ಎಂದೆ. ಸುಳ್ಳು ಹೇಳಿ ರೂಢಿ ಇಲ್ಲದ ಬಾಯಿ, ಆ ಎರಡು ಅಕ್ಷರ ಒಣಗಿಯೇ ಹೊರಗೆ ಬಂದವು.

ಹಿರೇಕೆರೂರಿನಲ್ಲಿ ಊಟವಾಯಿತು. ಮಗಳಿಗೆ ಉಡಿ ತುಂಬಿದರು. ಅವಳು ಅತ್ತೆಯ ಕಾಲಿಗೆ ಬಗ್ಗಲು ಹೋದಾಗ ಅತ್ತೆ, "ಬಗ್ಗಬ್ಯಾಡವ್ವಾ, ಆತು ಆತು" ಎಂದು ಹಿಡಿದುಕೊಂಡರು. ಓಣಿಯಲ್ಲಿ ವ್ಯಾನು ಚಾಲೂ ಮಾಡಿದೆ. ಮಗಳು ಹೊಸ ಕೌದಿಯ ಮೇಲೆ ಕುಳಿತಳು. ಕುಳಿತದ್ದೇ ತಡ, ಇಂಜಿನ್ ಹಿಂದೆಂದೂ ಇಲ್ಲದಷ್ಟು ಜೋರಾಗಿ ಅರಚಿತು. ಕಟ್ಟೆಯ ಮೇಲಿದ್ದ ಬೆಕ್ಕು ಹಾರಿತು.

ಬೀಗರು ಬಾಗಿಲಿಗೆ ಬಂದು ನಿಂತಿದ್ದರು. "ಏನ್ರಿ ಬೀಗರ, ನಿಮ್ಮ ಗಾಡಿ ನಿಂತಲ್ಲೇ ಸವಣೂರ ಮುಟ್ಟೇತಲ್ಲ!" ಎಂದರು. ನೆರೆಮನೆಯವರು ನಕ್ಕರು. ಬೀಗರ ಮಾತಿಗೆ ಬೀಗರು ಉತ್ತರ ಕೊಡಲೇಬೇಕು.

"ಹುರುಪು ಬಂದೇತ್ರಿ ಅದಕ್ಕ. ತವರಿಗೆ ಹೊಂಟೇವಲ್ಲ."

ಅವರು ನಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿ, "ಕಾರ್ ಹೇಳ್ಲೇನ್ರಿ? ಇಲ್ಲೇ ಬಾಜೂಕ ಐತಿ. ಅಳಿಯಾ ಬರ್ತಾನ ಜೋಡಿಗೆ" ಎಂದರು. ಹ್ಞೂಂ ಎನ್ನಬೇಕಿತ್ತು. ಇಡೀ ಓಣಿ ನನ್ನ ಮುಖ ನೋಡುತ್ತಿತ್ತು. "ಏನೂ ಬ್ಯಾಡ್ರಿ" ಎಂದು ಗೇರು ಹಾಕಿದೆ.

ಹಾನಗಲ್ಲಿನ ಕಡೆಗೆ ಹೊರಟೆವು. ಮಗಳು ಅವ್ವನ ಮೊಣಕಾಲು ನೋವು ಕೇಳಿದಳು, ಮನೆಯ ಆಕಳು ಈದಿತೇ ಎಂದು ಕೇಳಿದಳು. ಅಕ್ಕನೇ ಉತ್ತರ ಕೊಡುತ್ತಿದ್ದಳು. ನನ್ನ ಎರಡೂ ಕಿವಿ ಕೆಳಗಿದ್ದವು. ಗೋವಿನಜೋಳದ ಸುಗ್ಗಿ. ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿದ್ದರು. ಉಳಿದ ಅರ್ಧದಲ್ಲೇ ಎಲ್ಲರೂ ಹೋಗಬೇಕು, ಬರಬೇಕು.

ಕೆರೆಯ ಏರಿ ಹತ್ತಿ ಇಳಿಯುವಾಗ ಎದುರಿಗೆ ಕುರಿ ಹಿಂಡು ಕಂಡಿತು. ದೂರವಿತ್ತು. ಕಾಲು ತೆಗೆದೆ. ವ್ಯಾನು ನಿಧಾನವಾಗುವ ಬದಲು ಜೋರಾಯಿತು. ಬ್ರೇಕ್ ಒತ್ತಿದೆ. ಹಿಡಿಯಿತು, ಆದರೆ ಇಂಜಿನ್ ಬ್ರೇಕಿನ ವಿರುದ್ಧ ಎಳೆಯುತ್ತಿತ್ತು. ಕ್ಲಚ್ ಒತ್ತಿದೆ. ಆಗ ತಡೆಯೇ ಇಲ್ಲದಂತಾಗಿ ಅದು ಕಿರುಚಿದ ಕಿರುಚಾಟಕ್ಕೆ ಮಗಳು, "ಅಪ್ಪಾ!" ಎಂದು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಹಿಂದಿನಿಂದ ಅಕ್ಕ ಶಿವನನ್ನು ಕರೆಯತೊಡಗಿದಳು. ಕುರಿಗಳು ರಸ್ತೆ ತುಂಬ ಇದ್ದವು, ಕುರುಬ ಕೋಲು ಎತ್ತಿ ಕೂಗುತ್ತಿದ್ದ. ಕೀಲಿ ತಿರುವಿದೆ. ದನಿ ನಿಂತಿತು, ವ್ಯಾನು ನಿಲ್ಲಲಿಲ್ಲ. ಎಡಕ್ಕೆ ಹೊರಳಿಸಿದೆ. ಕಲ್ಲೊಂದು ಟೈರಿಗೆ ಬಡಿಯಿತು, ಎರಡು ಗಾಲಿ ಜೋಳದ ಕಾಳಿನಲ್ಲಿ ಹೂತು, ವ್ಯಾನು ಬುಸ್ಸೆಂದು ನಿಂತಿತು. ಕುರಿಗಳು ನಮ್ಮ ಬಲಗಡೆಯಿಂದ ಬ್ಯಾ ಎನ್ನುತ್ತ ಹಾದು ಹೋದವು.

ಮಗಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. "ಏನಾತವ್ವಾ?" ಎಂದೆ, ಸ್ಟೇರಿಂಗ್ ನೋಡುತ್ತ.

"ಏನೂ ಆಗಿಲ್ಲಪ್ಪ. ಒಳಗ ಒದ್ಯಾಕತ್ತೇತಿ" ಎಂದಳು. "ಎದ್ದೇತಿ ಕೂಸು."

ಜೋಳದ ಒಡತಿ ಕೈಯಲ್ಲಿ ಕಾಳು ಕೆದರುವ ಹಲಬಿ ಹಿಡಿದು ಓಡಿ ಬಂದಳು. "ಕಣ್ಣಿಲ್ಲೇನ್ ನಿನಗ? ನಾಕು ದಿನಾ ಒಣಗ್ಸಿದ ಗ್ವಾಂಜ್ವಾಳ!" ಎಂದವಳು ಮಗಳು ಇಳಿಯುವುದನ್ನು ಕಂಡು ಹಲಬಿ ಕೆಳಗೆ ಹಾಕಿ, "ಯವ್ವಾ, ಎರಡು ಜೀವದಾಕಿನ್ನ ಹಿಂಗ ತರ್ತಾರೇನ?" ಎಂದು ಅವಳ ಕೈ ಹಿಡಿದು ಗಿಡದ ನೆರಳಿಗೆ ಒಯ್ದಳು. ಕೊಡದ ನೀರು ಕೊಟ್ಟಳು.

ಅಕ್ಕ ಮೂಗರಳಿಸಿ ನಿಂತಿದ್ದಳು. "ಬಟ್ಟಿ ಸುಟ್ಟ ವಾಸನಿ ಬರ್ತೈತೋ ತಮ್ಮಾ."

"ಬ್ರೇಕ್ ಕಾದಾವ ಬಿಡಕ್ಕ."

ವ್ಯಾನನ್ನು ಮತ್ತೆ ಚಾಲೂ ಮಾಡಿದೆ. ಸೀಟು ಎತ್ತಿದೆ. ಗುಡುಗುಡು. ಏನೂ ಆಗದವರ ಹಾಗೆ. ನನಗೆ ಅಳುವುದೊಂದು ಬಾಕಿ. ನೆರಳಿನಿಂದ ಮಗಳು ನೋಡುತ್ತಿದ್ದಳು.

"ಅಪ್ಪ, ನೀ ಸೀಟ್ ಎತ್ತಿದಿ, ಸುಮ್ನಾತು. ನಾ ಕುಂತಾಗ ಒದರ್ತು. ಅದಕ್ಕ ನಾ ಭಾರ ಆಗೇನೇನು?"

"ನಿನಗೇನ್ ತಿಳಿತೈತಿ, ಸುಮ್ಕಿರವ್ವಾ."

"ಮುಚ್ಚಿ ನೀನ ಕುಂತ ನೋಡು ಮತ್ತ."

ಬಾಯಿ ಮುಚ್ಚಿಸಲೆಂದೇ ಮುಚ್ಚಳ ಹಾಕಿ ಎಡಗಡೆಯ ಸೀಟಿನ ಮೇಲೆ ಕುಳಿತೆ. ಇಂಜಿನ್ ಅರಚಿತು. ಎದ್ದೆ, ಇಳಿಯಿತು. ಕುಳಿತೆ, ಏರಿತು. ಹದಿನೈದು ದಿನ ನಾನು ಬಲಗಡೆ ಕುಳಿತು ಓಡಿಸಿದ್ದೆ, ಎಡಗಡೆಯ ಸೀಟಿನ ಮೇಲೆ ಎಲೆಯ ಪೆಂಡಿಗಳು ಕುಳಿತಿದ್ದವು. ಆ ಸೀಟಿನಲ್ಲಿ ನಾನು ಒಮ್ಮೆಯೂ ಕುಳಿತಿರಲಿಲ್ಲ.

ಇಳಿದು, ಕೆನ್ನೆ ನೆಲಹಾಸಿಗೆ ಹಚ್ಚಿ, ಮುಚ್ಚಳವನ್ನು ನಾಲ್ಕು ಬೆರಳಷ್ಟೇ ಎತ್ತಿ ಒಳಗೆ ನೋಡಿದೆ. ತಂತಿ ಸಡಿಲವಾಗಿ, ನಾನು ಬಿಗಿದಿದ್ದ ಹರಕು ಕೌದಿ ಜೋತು ಬಿದ್ದಿತ್ತು. ಸೀಟಿನ ಮೇಲೆ ಭಾರ ಬಿದ್ದಾಗೆಲ್ಲ ಅದರ ಉಬ್ಬು, ಕೇಬಲ್ ಬಾಗುವ ಜಾಗದ ಮೇಲೆ ಕುಳಿತು ಅದನ್ನು ಕೆಳಕ್ಕೆ ಒತ್ತುತ್ತಿತ್ತು. ನನ್ನ ಕಾಲಿನ ಕೆಲಸವನ್ನು ಕೌದಿ ಮಾಡುತ್ತಿತ್ತು. ಇಷ್ಟೇ. ನಾನು ಹೋ ಎಂದು ನಗಬೇಕಿತ್ತು. ಆದರೆ ಅಷ್ಟರಲ್ಲಿ ಅದರ ಹಿಂದಿನ ಮೂಲೆ ಕಂಡಿತು.

ಆ ಮೂಲೆ ಸೈಲೆನ್ಸರ್ ಪೈಪಿನ ಮೇಲೆ ಬಿದ್ದಿತ್ತು. ಅಂಗೈಯಗಲ ಕಪ್ಪಾಗಿತ್ತು. ಕಪ್ಪಿನ ಅಂಚಿಗೆ ದಾರದಷ್ಟು ತೆಳ್ಳಗಿನ ಕೆಂಪು ಗೆರೆ ಸದ್ದಿಲ್ಲದೆ ಹರಿದಾಡುತ್ತಿತ್ತು. ಅಲ್ಲಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲಿನ ಪೈಪು.

ಬರಿಗೈಯಿಂದ ಕಿತ್ತೆ. ತಂತಿ ಅಂಗೈ ಸೀಳಿದ್ದು ಆಮೇಲೆ ಗೊತ್ತಾಯಿತು. ರಸ್ತೆಗೆ ಎಸೆದು ತುಳಿದೆ. ಒಡತಿ ಕೊಡದ ನೀರು ಸುರಿದಳು. ಸುಂಯ್ ಎಂದು ಹೊಗೆ ಎದ್ದಿತು. ಗಾಳಿ ತಾಗಿದ್ದರೆ ಹೊತ್ತಿಕೊಳ್ಳುತ್ತಿತ್ತು. ಮಗಳು ಇನ್ನೂ ಸ್ವಲ್ಪ ಹೊತ್ತು ಅದರ ಮೇಲೆ ಕುಳಿತಿದ್ದರೆ ಎಂಬಲ್ಲಿಗೆ ನನ್ನ ವಿಚಾರ ನಿಂತಿತು. ಮುಂದಕ್ಕೆ ಹೋಗಲಿಲ್ಲ. ಜೋಳದ ಕಾಳಿನ ಮೇಲೆಯೇ ಕುಳಿತೆ.

ಇಂಜಿನ್ ಇನ್ನೂ ಚಾಲೂ ಇತ್ತು. ಅಕ್ಕ ಸೀಟು ಮುಚ್ಚಿ ತಾನೇ ಅದರ ಮೇಲೆ ಕುಳಿತು ನೋಡಿದಳು. ದನಿ ಏರಲಿಲ್ಲ. "ಆತಲ್ಲ, ನೆಟ್ಟಗಾತು. ಏಳು, ಹೋಗೂಣು. ಹೊತ್ತು ಮುಳುಗೂದ್ರಾಗ ಮುಟ್ಟಬೇಕು."

ಎದ್ದೆ. ಮಗಳು ಬಂದು ವ್ಯಾನಿನ ಬಾಗಿಲಿಗೆ ಕೈ ಇಟ್ಟಳು. ಅವಳನ್ನು ಹತ್ತಗೊಡದೆ ನಾನು ಅಡ್ಡ ನಿಂತೆ. ಇಂಜಿನ್ ಸರಿಯಿತ್ತು, ಅದು ನನ್ನ ಕಿವಿಗೆ ಗೊತ್ತಿತ್ತು. ಆದರೆ ಆ ಕಿವಿಯ ಮೇಲೆಯೇ ನನಗೆ ನಂಬಿಕೆ ಹೋಗಿತ್ತು. ಫೋನ್ ತೆಗೆದು ಬೀಗರಿಗೆ ಹಚ್ಚಿದೆ.

"ಬೀಗರ, ಆ ಕಾರ್ ತರ್ರಿ. ಕೆರಿ ಏರಿ ದಾಟಿದ ಕೂಡ್ಲೇ ಅದೇವಿ. ಎಲ್ಲಾರೂ ಆರಾಮದೇವಿ. ಲಗೂನ ಬರ್ರಿ."

"ನಡುದಾರ್ಯಾಗ ತವರಿನ ಗಾಡಿ ಇಳೀಬಾರ್ದಂತಾರೋ" ಎಂದಳು ಅಕ್ಕ. ಆಮೇಲೆ ನನ್ನ ಅಂಗೈ ನೋಡಿ, ಸೆರಗು ಹರಿದು ಕಟ್ಟುತ್ತ, "ಅಂತಾರ, ಅನ್ಲಿ ಬಿಡು" ಎಂದಳು.

ಬಾಡಿಗೆ ಕಾರಿನಲ್ಲಿ ಬೀಗರೂ ಅಳಿಯನೂ ಬಂದರು. ಬೀಗರು ತೋಯ್ದ ಕೌದಿ ನೋಡಿದರು, ವ್ಯಾನಿನ ದನಿ ಕೇಳಿದರು. ಮೂದಲಿಸುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ.

"ಈಗ ಸರಿ ಐತಲ್ರಿ?"

"ಐತ್ರಿ. ಆದ್ರ ನನಗ ಅಂಜಿಕಿ ಬರಾಕತ್ತೇತ್ರಿ ಬೀಗರ."

ಅವರು ಮೂದಲಿಸಲಿಲ್ಲ. ಸೊಸೆಯನ್ನೂ ಅಕ್ಕನನ್ನೂ ಮಗನ ಜೊತೆ ಕಾರಿನಲ್ಲಿ ಕೂಡಿಸಿದರು. ತಾವು ಬಂದು ನನ್ನ ವ್ಯಾನಿನ ಎಡಗಡೆಯ ಬಾಗಿಲು ತೆಗೆದು ಹೊಸ ಕೌದಿಯ ಮೇಲೆ ಕುಳಿತರು. "ನಾನೂ ನಿಮ್ಮ ಮಗಳಿಗಿಂತ ಹಗೂರೇನಿಲ್ಲ. ಒದರ್ತೈತೇನ್ ನೋಡೂಣು, ನಡೀರಿ" ಎಂದರು.

ಹಾನಗಲ್ಲು ದಾಟುವವರೆಗೆ ಇಬ್ಬರೂ ಇಂಜಿನ್ನನ್ನೇ ಕೇಳುತ್ತಿದ್ದೆವು. ಬಂಕಾಪುರದ ಹತ್ತಿರ ಅವರಿಗೆ ತೂಕಡಿಕೆ ಬಂತು. ನನಗೆ ಕುರಿ ಕಂಡರೆ, ಎಮ್ಮೆ ಕಂಡರೆ, ರಸ್ತೆ ಇಳಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಕನ್ನಡಿಯಲ್ಲಿ ಕಾರು ಕಾಣುತ್ತಿತ್ತು. ಶಿಗ್ಗಾಂವಿಯಲ್ಲಿ ಅದು ಕಣ್ಣಿಂದ ತಪ್ಪಿತು. ಮಗಳಿಗೆ ಎಳನೀರು ಕುಡಿಸಲು ನಿಲ್ಲಿಸಿದ್ದರಂತೆ. ಬರುತ್ತಾರೆ ಬಿಡು ಎಂದು ನಾನು ಸವಣೂರಿನ ದಾರಿ ಹಿಡಿದುಬಿಟ್ಟೆ.

ಓಣಿಗೆ ಬಂದಾಗ ಇನ್ನೂ ಬಿಸಿಲಿತ್ತು. ವ್ಯಾನಿನ ದನಿ ಕೇಳಿ ಹೆಂಡತಿ ಆರತಿ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದಳು. ಬಾಗಿಲು ತೆರೆದಾಗ ಇಳಿದದ್ದು ಬೀಗರು. ಹಿಂದಿನ ಸೀಟು ಖಾಲಿ. ನನ್ನ ಅಂಗೈಯ ಅರಿವೆಗೆ ರಕ್ತ ಹತ್ತಿತ್ತು.

"ಮಗಳೆಲ್ಲಿ?" ಎಂದಳು.

ಹಿಂದೆ ಕಾರಿನಲ್ಲಿ ಬರುತ್ತಿದ್ದಾಳೆ ಎಂಬ ಉತ್ತರ ನನ್ನ ಹತ್ತಿರವಿತ್ತು. ಅದನ್ನು ಹೇಳುವ ಬದಲು ಅಂಗೈಯನ್ನು ಬೆನ್ನ ಹಿಂದೆ ಮಾಡಿದೆ. ದಾರಿಯುದ್ದಕ್ಕೂ ನಾನು ನೋಡಲು ಹೆದರಿದ್ದ ಮುಖ ಅದೇ. ಬೀಗರು ಗಡಿಬಿಡಿಯಿಂದ, "ಬರಾಕತ್ತಾರವ್ವಾ, ಕಾರಿನ್ಯಾಗ ಬರಾಕತ್ತಾರ, ಆರಾಮದಾಳ" ಎಂದರು. ಅವಳು ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಏನು ಕಂಡಳೋ, ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿ, ಕೆಂಪು ನೀರು ಚೆಲ್ಲಿದ್ದನ್ನೂ ನೋಡದೆ, ಬರಿಗಾಲಲ್ಲಿ ಓಣಿಯ ತುದಿಗೆ ಓಡಿದಳು. ನಾನೂ ಅವಳ ಹಿಂದೆ ಓಡಿದೆ. ಕಾರು ತಿರುವು ದಾಟಿ ಬಂದು, ಒಳಗಿನಿಂದ ಮಗಳು ಕೈ ಹೊರಗೆ ಹಾಕಿ, "ಅವ್ವಾ, ಯಾಕ ಓಡಾಕತ್ತೀರಿ ಇಬ್ರೂ?" ಎಂದು ಕೂಗುವವರೆಗೆ ನಾವು ನಿಲ್ಲಲಿಲ್ಲ.